ಚೀಟಿಯಲ್ಲಿ ಸಿಹಿ ಮ್ಯಾಂಡರಿನ್, ಹಣ್ಣಿನಲ್ಲಿ ಬರೀ ಹುಳಿ: ಇದು ಯಾವ ತಳಿ? ಮುಂದಿನ ಗಿಡ ಯಾವುದು ತರಲಿ?

ಹಿತ್ತಲಗಿಡ
ಹಿತ್ತಿಲಿಗೆಂದು ತಂದ ಕಿತ್ತಳೆ ಗಿಡ ಕೊನೆಗೂ ಕಾಯಿ ಬಿಟ್ಟಿದೆ. ತರುವಾಗ ಅದರ ಕೊರಳಿಗೆ ಕಟ್ಟಿದ್ದ ಚೀಟಿಯಲ್ಲಿ "ಸಿಹಿ ಮ್ಯಾಂಡರಿನ್" ಎಂದಷ್ಟೇ ಇತ್ತು. ಮ್ಯಾಂಡರಿನ್ ಎಂದರೆ ಸಡಿಲ ಸಿಪ್ಪೆಯ ಕಿತ್ತಳೆ ಎಂದು ಗೊತ್ತು, ಅಷ್ಟೇ. ತಳಿಯ ಹೆಸರಿಲ್ಲ, ಕಸಿಯೋ ಬೀಜದ್ದೋ ಎಂಬ ಮಾತೂ ಇಲ್ಲ. ಹಣ್ಣು ನೋಡಲು ಚೆಂದ. ನಿಂಬೆಗಿಂತ ತುಸು ದೊಡ್ಡದು, ಕೆಂಪು ಬೆರೆತ ಕಿತ್ತಳೆ ಬಣ್ಣ, ತೆಳು ಸಿಪ್ಪೆ, ಕೈಯಲ್ಲೇ ಸುಲಿಯಬಹುದು. ಬಾಯಿಗೆ ಇಟ್ಟರೆ ಮಾತ್ರ ಹಲ್ಲು ಚಳಿತುಹೋಗುವಷ್ಟು ಹುಳಿ. ಗಿಡದಲ್ಲೇ ಬಿಟ್ಟು ಕಾದೆ. ಹಣ್ಣು ಮೆತ್ತಗಾಯಿತೇ ಹೊರತು ಹುಳಿ ಇಳಿಯಲಿಲ್ಲ.

ಇದು ಯಾವ ತಳಿಯೆಂದು ಯಾರಾದರೂ ಹೇಳಬಲ್ಲಿರಾ? ಇನ್ನೊಂದು ಗಿಡ ತರುವ ಯೋಚನೆಯೂ ಇದೆ. ನರ್ಸರಿಯ ಪಟ್ಟಿಯಲ್ಲಿ ಸತ್ಸುಮಾ, ಕ್ಲೆಮೆಂಟೈನ್, ಕಿನ್ನೋ, ಮರ್ಕಾಟ್ ಇವೆ. ಕೊನೆಯಲ್ಲಿ ಹೆಸರೇ ಇಲ್ಲದ "ಬೀಜರಹಿತ ಜೇನು ಕಿತ್ತಳೆ" ಎಂಬುದೂ ಒಂದಿದೆ. ಮತ್ತೆ ಮೋಸ ಹೋಗಲು ಮನಸ್ಸಿಲ್ಲ.

ಸಿಪ್ಪೆಗೋಪಾಲ
ಚೀಟಿಯನ್ನು ಪೂರ್ತಿ ದೂರಬೇಡಿ. ಎರಡು ಪದ ಬರೆದಿದ್ದಾರೆ, ಒಂದಾದರೂ ನಿಜವಿರಬಹುದು.

ಬಿಸಿಲುಬಯಲು
ತಳಿಯ ದೋಷವಲ್ಲ, ಪೋಷಣೆಯ ದೋಷ. ಪೊಟ್ಯಾಷ್ ಚೆನ್ನಾಗಿ ಕೊಡಿ, ಮುಂದಿನ ಫಸಲಿಗೆ ಸಿಹಿ ತಾನಾಗಿ ಬರುತ್ತದೆ. ಎಳೆಯ ಗಿಡದ ಮೊದಲ ಹಣ್ಣು ಎಲ್ಲರಿಗೂ ಹುಳಿಯೇ.

ಕಸಿಕತ್ತಿ
ಮೊದಲ ಫಸಲು ಸಪ್ಪೆಯಿರಬಹುದು, ಸಿಪ್ಪೆ ದಪ್ಪವಿರಬಹುದು, ಅದು ನಿಜ. ಆದರೆ ಹಲ್ಲು ಚಳಿಯುವಷ್ಟು ಹುಳಿಗೆ ಅದು ಉತ್ತರವಲ್ಲ. ಪೊಟ್ಯಾಷ್ ಮಾತು ಇನ್ನೂ ತಪ್ಪು. ಈ ಜಾತಿಯ ಹಣ್ಣುಗಳಿಗೆ ಪೊಟ್ಯಾಷ್ ಅತಿಯಾದರೆ ರಸದ ಆಮ್ಲ ಹೆಚ್ಚುತ್ತದೆ, ಸಿಪ್ಪೆಯೂ ದಪ್ಪವಾಗುತ್ತದೆ.

ಹಿತ್ತಲಗಿಡ ಅವರೇ, ಹಣ್ಣನ್ನು ಪಕ್ಕಕ್ಕಿಟ್ಟು ಬುಡ ನೋಡಿ. ಮಣ್ಣಿನಿಂದ ಗೇಣು ಎತ್ತರದ ಆಸುಪಾಸಿನಲ್ಲಿ ಕಾಂಡ ಸೊಟ್ಟಗಾಗಿದೆಯೇ, ಊದಿದೆಯೇ, ತೊಗಟೆಯ ಬಣ್ಣ ಅಲ್ಲಿ ಬದಲಾಗುತ್ತದೆಯೇ? ಅದೇ ಕಸಿ ಗಂಟು, ಎರಡು ಗಿಡ ಕೂಡಿಸಿದ ಜಾಗ. ಈಗಿರುವ ಕೊಂಬೆಗಳು ಗಂಟಿನ ಮೇಲಿಂದ ಬಂದಿವೆಯೋ ಕೆಳಗಿನಿಂದಲೋ ಹೇಳಿ. ಉಳಿದ ಮಾತು ಆಮೇಲೆ.

ಎಲೆಮರೆಕಾಯಿ
ಕಸಿಕತ್ತಿಯವರ ಅನುಮಾನ ಎತ್ತ ಹೋಗುತ್ತಿದೆ ಎಂದು ಗೊತ್ತಾಯಿತು, ನನ್ನದೂ ಅದೇ: ಮೇಲಿನ ಕಸಿ ಸತ್ತು ಕೆಳಗಿನ ಬುಡ ಚಿಗುರಿರಬೇಕು. ಆದರೂ ಮ್ಯಾಂಡರಿನ್‌ನಂತೆ ಕಂಡು ಹುಳಿಯಿರುವ ಹಣ್ಣು ಒಂದೇ ಅಲ್ಲ.

ಒಂದು, ಕ್ಯಾಲಮಾಂಡಿನ್. ಕುಂಡದಲ್ಲಿ ಅಲಂಕಾರಕ್ಕೆ ಬೆಳೆಸುವ ಪುಟ್ಟ ಹಣ್ಣು, ಕುಮ್‌ಕ್ವಾಟ್ ಮತ್ತು ಮ್ಯಾಂಡರಿನ್ ಬೆರಕೆ. ಇದನ್ನು ಗುರುತಿಸುವುದು ಸುಲಭ: ಸಿಪ್ಪೆಯನ್ನು ಕಚ್ಚಿ ನೋಡಿ. ಒಳಗಿನ ರಸ ಹುಳಿ, ಸಿಪ್ಪೆ ಮಾತ್ರ ಸಿಹಿಯಾಗಿದ್ದರೆ ಕ್ಯಾಲಮಾಂಡಿನ್.

ಇನ್ನೊಂದು, ರಂಗ್‌ಪುರ ನಿಂಬೆ. ಹೆಸರಿಗೆ ನಿಂಬೆ, ವೇಷ ಪೂರ್ತಿ ಕಿತ್ತಳೆಯದು. ಬಣ್ಣ, ಸಡಿಲ ಸಿಪ್ಪೆ, ಬಿಡಿಬಿಡಿಯಾಗುವ ತೊಳೆ, ಹಣ್ಣಾದ ಮೇಲೆ ನಡುವೆ ಟೊಳ್ಳು, ಎಲ್ಲವೂ ಇದೆ. ರಸ ಮಾತ್ರ ಅಪ್ಪಟ ನಿಂಬೆ. ಇದನ್ನು ಹಣ್ಣಿಗಾಗಿ ಬೆಳೆಸುವವರಿಗಿಂತ ಕಸಿಯ ಬೇರುಗಿಡವಾಗಿ, ಅಂದರೆ ಮೇಲೆ ಬೇರೆ ತಳಿ ಕೂಡಿಸುವ ಬುಡವಾಗಿ, ಬಳಸುವವರೇ ಹೆಚ್ಚು. ಹೂವಿನ ಮೊಗ್ಗು ಮತ್ತು ಎಳೆ ಚಿಗುರು ನೋಡಿ. ಮ್ಯಾಂಡರಿನ್ ಮೊಗ್ಗು ಅಚ್ಚ ಬಿಳಿ. ರಂಗ್‌ಪುರದ್ದಕ್ಕೆ ಹೊರಗೆ ನೇರಳೆ ಛಾಯೆ ಇರುತ್ತದೆ.

ತಳಿಶೋಧ
ಬೀಜ ಸೀಳಿ ನೋಡುವುದು ಇನ್ನೂ ಸುಲಭ. ಒಳಗಿನ ಬೀಜದಳ ಪಿಸ್ತಾದಂತೆ ಹಸಿರಾಗಿದ್ದರೆ ಮ್ಯಾಂಡರಿನ್ ವಂಶ. ಮೋಸಂಬಿ, ಚಕ್ಕೋತಗಳ ಬೀಜದಳ ಬಿಳಿ.

ಎಲೆಮರೆಕಾಯಿ
@ತಳಿಶೋಧ ಇಲ್ಲಿ ಆ ಪರೀಕ್ಷೆ ಕೈ ಕೊಡುತ್ತದೆ. ರಂಗ್‌ಪುರದ ತಾಯಿ ಮ್ಯಾಂಡರಿನ್, ತಂದೆ ಮಾದಲ. ಅದರ ಬೀಜದಳದಲ್ಲೂ ತಿಳಿ ಹಸಿರು ಇರುತ್ತದೆ. ಮೋಸಂಬಿಯನ್ನು ಮ್ಯಾಂಡರಿನ್‌ನಿಂದ ಬೇರ್ಪಡಿಸಲು ನಿಮ್ಮ ಪರೀಕ್ಷೆ ಸರಿ. ಮ್ಯಾಂಡರಿನ್ ಮಕ್ಕಳನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸಲು ಸಾಲದು.

ತಳಿಶೋಧ
ಒಪ್ಪಿದೆ. ಹಾಗಾದರೆ ಮೊಗ್ಗೇ ಸಾಕ್ಷಿ.

ಬೀಜಬಿತ್ತಿದವ
ಈ ಗಂಟು, ಕಣ್ಣು (ಕಸಿಗೆ ಕೂಡಿಸುವ ಮೊಗ್ಗು), ಬೇರುಗಿಡದ ರಗಳೆಯೇ ಬೇಡವೆಂದು ನಾನು ಮೊದಲಿನಿಂದ ಹೇಳುತ್ತ ಬಂದಿದ್ದೇನೆ. ತಿಂದು ರುಚಿ ನೋಡಿದ ಹಣ್ಣಿನ ಬೀಜ ಹಾಕಿ. ಹೆಚ್ಚಿನ ಮ್ಯಾಂಡರಿನ್‌ಗಳು ಬೀಜದಿಂದಲೂ ತಾಯಿಯಂತೆಯೇ ಬರುತ್ತವೆ. ನನ್ನ ಗಿಡಗಳೆಲ್ಲ ಬೀಜದವು, ಒಂದೂ ಮೋಸ ಮಾಡಿಲ್ಲ.

ಕಸಿಕತ್ತಿ
ಹಣ್ಣು ಯಾವಾಗ ಬಂತು ಎಂಬುದನ್ನು ಮಾತ್ರ ಹೇಳಲಿಲ್ಲ.

ಬೀಜಬಿತ್ತಿದವ
ತಡವಾಗಿ ಬಂತು. ಬಂದಿತಲ್ಲ!

ತಳಿಶೋಧ
ಬೀಜಬಿತ್ತಿದವರ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ. ಮ್ಯಾಂಡರಿನ್‌ಗಳಲ್ಲಿ ಬಹುಪಾಲು ಒಂದೇ ಬೀಜದೊಳಗೆ ಹಲವು ಭ್ರೂಣಗಳನ್ನು ಹೊತ್ತಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ಸಂಬಂಧವೇ ಇಲ್ಲದೆ ತಾಯಿಯ ಜೀವಕೋಶದಿಂದ ನೇರ ಹುಟ್ಟಿದವು. ಹಾಗಾಗಿ ಮೊಳಕೆ ತಾಯಿಯ ಪಡಿಯಚ್ಚು. ಆದರೆ ಹಿತ್ತಲಗಿಡ ಅವರ ಪಟ್ಟಿಯಲ್ಲಿರುವ ಕ್ಲೆಮೆಂಟೈನ್ ಇದಕ್ಕೆ ಹೊರತು. ಅದರ ಬೀಜದಲ್ಲಿ ಒಂದೇ ಭ್ರೂಣ, ಅದೂ ಬೆರಕೆಯದು. ಅದರ ಬೀಜ ಹಾಕಿದರೆ ಏನು ಬರುತ್ತದೆ ಎಂದು ಯಾರೂ ಹೇಳಲಾರರು. ಸತ್ಸುಮಾದಲ್ಲಿ ಹಾಕಲು ಬೀಜವೇ ಸಿಗುವುದು ಅಪರೂಪ.

ಮತ್ತೆ ಬೀಜದ ಗಿಡಕ್ಕೆ ಬಾಲ್ಯ ದೀರ್ಘ. ಐದಾರು ವರ್ಷ ಬರೀ ಮುಳ್ಳು ಮತ್ತು ಎತ್ತರ, ಆಮೇಲೆ ಹೂವು. ಕಸಿ ಗಿಡದ ಕಣ್ಣು ಈಗಾಗಲೇ ಫಲ ಕೊಟ್ಟ ಮರದಿಂದ ಬಂದದ್ದು, ಅದಕ್ಕೆ ಆ ಬಾಲ್ಯವಿಲ್ಲ.

ಬೀಜಬಿತ್ತಿದವ
ಇದನ್ನೂ ಬರೆದುಕೊಳ್ಳಿ. ಬೀಜದ ಗಿಡದ ಬುಡದಿಂದ ಚಿಗುರು ಬಂದರೂ ಅದೇ ತಳಿ. ಚಳಿಗೆ, ಗುದ್ದಲಿ ಏಟಿಗೆ ಮೇಲಿನದು ಸತ್ತರೂ ಕೆಳಗಿನದು ಅದೇ ಹಣ್ಣು ಕೊಡುತ್ತದೆ. ಹಿತ್ತಲಗಿಡ ಅವರಿಗೆ ಆದದ್ದು ನನಗೆ ಎಂದಿಗೂ ಆಗುವುದಿಲ್ಲ.

ಕಸಿಕತ್ತಿ
ಅದು ಸರಿಯಾದ ಮಾತು. ಆದರೆ ನೀರು ನಿಲ್ಲುವ ಮಣ್ಣಿನಲ್ಲಿ ಬುಡಕೊಳೆ ಬಂದಾಗ ನಿಮ್ಮ ಗಿಡದ ಬುಡವೂ ಅದೇ ತಳಿ. ಬೇರುಗಿಡ ಬಳಸುವುದು ಅದಕ್ಕಾಗಿಯೇ.

ಹಿತ್ತಲಗಿಡ
ನೋಡಿ ಬಂದೆ. ಸಿಪ್ಪೆ ಸಿಹಿಯಿಲ್ಲ, ಕಹಿ ಮಿಶ್ರಿತ ಘಾಟು. ಹೂವು ಈಗ ಹೆಚ್ಚಿಲ್ಲ, ಆದರೆ ಸಿಕ್ಕ ಮೊಗ್ಗುಗಳ ಹೊರಗೆ ನೇರಳೆ ಬಣ್ಣ ಸ್ಪಷ್ಟವಾಗಿದೆ. ಬುಡದಲ್ಲಿ ಊದಿದ ಗಂಟು ಇದೆ, ಅದರ ಮೇಲೆ ಒಣಗಿದ ಮೋಟು ಕಾಂಡವಿದೆ, ಸುತ್ತಲೂ ತೊಗಟೆ ಮುಚ್ಚಿಕೊಳ್ಳುತ್ತಿದೆ. ಈಗಿರುವ ಅಷ್ಟೂ ಕೊಂಬೆಗಳು ಗಂಟಿನ ಕೆಳಗಿನಿಂದ ಹೊರಟಿವೆ. ನಾನು ತರುವಾಗಲೇ ಆ ಮೋಟು ಇತ್ತು, ಕತ್ತರಿಸಿದ ಕೊಂಬೆಯ ಗುರುತು ಎಂದು ಅಂಗಡಿಯವರು ಹೇಳಿದ್ದರು.

ಎಲೆಮರೆಕಾಯಿ
ಹಾಗಾದರೆ ಮುಗಿಯಿತು. ಮೇಲಿನ ಮ್ಯಾಂಡರಿನ್ ನರ್ಸರಿಯಲ್ಲೇ ಸತ್ತಿತ್ತು, ಕೆಳಗಿನ ರಂಗ್‌ಪುರ ಚಿಗುರಿ ಗಿಡವಾಯಿತು. ನಿಮಗೆ ಮಾರಿದ್ದು ಬೇರುಗಿಡವನ್ನು.

ಎಲ್ಲ ಕಡೆಯೂ ಇದು ಇಷ್ಟು ಗುಟ್ಟಾಗಿ ನಡೆಯುವುದಿಲ್ಲ. ಬೇರುಗಿಡ ಟ್ರೈಫೋಲಿಯೇಟ್ ಕಿತ್ತಳೆ ಅಥವಾ ಅದರ ಬೆರಕೆಯಾದ ಕರಿಜೋ ಆಗಿದ್ದರೆ ಚಿಗುರಿನ ಎಲೆ ಮೂರು ಎಸಳಾಗಿರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ರಂಗ್‌ಪುರ, ಜಂಬೇರಿ, ಕ್ಲಿಯೋಪಾತ್ರ ಎಂಬ ಬೇರುಗಿಡಗಳ ಎಲೆ ಒಂಟಿ, ಮೇಲಿನ ಗಿಡದ ಎಲೆಯಂತೆಯೇ. ಬುಡದ ಕಡೆ ನಿಗಾ ಇರಬೇಕು. ಗಂಟಿನ ಕೆಳಗೆ ಬಂದ ಚಿಗುರನ್ನು ಎಳಸಾಗಿರುವಾಗಲೇ ಕೈಯಿಂದ ಮುರಿದು ತೆಗೆಯಬೇಕು. ಕತ್ತರಿಯಿಂದ ಕತ್ತರಿಸಿದರೆ ಬುಡದ ಮೊಗ್ಗು ಉಳಿದು ಮತ್ತೆ ಬರುತ್ತದೆ.

ಸಿಪ್ಪೆಗೋಪಾಲ
ಅಂದರೆ ಬಾಡಿಗೆಗೆ ಬಂದವನು ಹೋದ, ಮನೆಯ ಮಾಲೀಕನೇ ಬಂದು ಕೂತ.

ಕುಂಡಲಿನಿ
ನಾನು ಎಲ್ಲವನ್ನೂ ಕುಂಡದಲ್ಲೇ ಬೆಳೆಸುವವಳು. ಎರಡನೆಯ ಪ್ರಶ್ನೆಗೆ ಬರೋಣ, ಇಲ್ಲದಿದ್ದರೆ ಎಲ್ಲರೂ ಬುಡದಲ್ಲೇ ಕೂತಿರುತ್ತೀರಿ. ಅಂಗಡಿಗೆ ಹೋದಾಗ ಹಣ್ಣು ತುಂಬಿದ ಗಿಡದ ಕಡೆಗೆ ಕೈ ಹೋಗುತ್ತದೆ. ಬೇಡ. ಸಣ್ಣ ಕುಂಡದಲ್ಲಿ ಹಣ್ಣು ಹೊತ್ತು ನಿಂತ ಗಿಡದ ಬೇರು ಒಳಗೆ ಸುರುಳಿ ಸುತ್ತಿರುತ್ತದೆ. ಕುಂಡದ ತಳದ ತೂತಿನಿಂದ ದಪ್ಪ ಬೇರು ಇಣುಕಿದರೆ ವಾಪಸು ಇಡಿ. ಎಲೆ ಕಡು ಹಸಿರಾಗಿರುವ, ಹಣ್ಣಿಲ್ಲದ, ಗಂಟು ಮಣ್ಣಿನಿಂದ ಚೆನ್ನಾಗಿ ಮೇಲಿರುವ ಗಿಡವೇ ಲೇಸು. ಮನೆಗೆ ತಂದ ಮೊದಲ ವರ್ಷ ಕಾಯಿ ಕಟ್ಟಿದರೂ ಚಿವುಟಿ ಹಾಕಿ, ಬೇರು ಹರಡಲಿ. ನೆಡುವಾಗ ಗಂಟು ಮಣ್ಣಿನಲ್ಲಿ ಹೂತುಹೋಗದಂತೆ ನೋಡಿಕೊಳ್ಳಿ, ಹೂತರೆ ಬುಡಕೊಳೆಗೆ ಬಾಗಿಲು ತೆರೆದಂತೆ.

ಕುಂಡಕ್ಕಾದರೆ ಫ್ಲೈಯಿಂಗ್ ಡ್ರ್ಯಾಗನ್ ಬೇರುಗಿಡ ಕೇಳಿ. ಟ್ರೈಫೋಲಿಯೇಟ್‌ನ ಸೊಟ್ಟ ಮುಳ್ಳಿನ ತಳಿ ಅದು, ಮರವನ್ನು ಗಿಡ್ಡವಾಗಿಡುತ್ತದೆ. ಬೆಳವಣಿಗೆ ನಿಧಾನ, ಅದಕ್ಕೆ ಬೇಸರಿಸಬಾರದು.

ಬಿಸಿಲುಬಯಲು
ಫ್ಲೈಯಿಂಗ್ ಡ್ರ್ಯಾಗನ್ ಎಲ್ಲರಿಗೂ ಹೇಳಬೇಡಿ. ಸುಣ್ಣದ ಮಣ್ಣು, ಗಡಸು ನೀರು ಇದ್ದಲ್ಲಿ ಟ್ರೈಫೋಲಿಯೇಟ್ ಬಳಗದ ಮೇಲಿನ ಗಿಡ ಕಬ್ಬಿಣ ಹೀರಲಾರದೆ ಹಳದಿಯಾಗುತ್ತದೆ. ಅಂಥಲ್ಲಿ ರಂಗ್‌ಪುರ ವಾಸಿ. ಬರವನ್ನೂ ಸಹಿಸುತ್ತದೆ. ಉಪ್ಪಿನ ಅಂಶವಿದ್ದರೆ ಕ್ಲಿಯೋಪಾತ್ರ. ಜಂಬೇರಿಯ ಮೇಲಿನ ಗಿಡ ಬೇಗ ಬೆಳೆದು ಹೆಚ್ಚು ಹಣ್ಣು ಕೊಡುತ್ತದೆ, ಆದರೆ ರಸ ನೀರುನೀರು, ಸಿಹಿ ಕಡಿಮೆ. ಹೆಚ್ಚಿನವರು ತಳಿಯ ಹೆಸರು ಕೇಳಿ ಬರುತ್ತಾರೆ, ಬುಡ ಯಾವುದೆಂದು ಕೇಳುವುದೇ ಇಲ್ಲ. ರುಚಿಯಲ್ಲಿ ಬುಡದ ಪಾಲೂ ಇದೆ.

ಕಸಿಕತ್ತಿ
ಪೊಟ್ಯಾಷ್ ವಿಷಯದಲ್ಲಿ ಜಗಳವಾಡಿದೆ, ಈ ಮಾತಿಗೆ ಪೂರ್ತಿ ಸಹಿ.

ಹಿಮಮಣಿ
ನಮ್ಮಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಹಾಗಾಗಿ ನನಗೆ ಸತ್ಸುಮಾ ಬಿಟ್ಟರೆ ಬೇರೆ ಮಾತಿಲ್ಲ. ಬಲಿತ ಸತ್ಸುಮಾ ಮರ ಟ್ರೈಫೋಲಿಯೇಟ್ ಬೇರಿನ ಮೇಲಿದ್ದು, ಚಳಿಗೆ ನಿಧಾನವಾಗಿ ಒಗ್ಗಿಕೊಂಡಿದ್ದರೆ ಸೊನ್ನೆಗಿಂತ ಕೆಳಗೆ 8–9 ಡಿಗ್ರಿ ಸೆಲ್ಸಿಯಸ್ ತನಕ ತಡೆಯುತ್ತದೆ. ಎಳೆಯ ಗಿಡ ತಡೆಯುವುದಿಲ್ಲ, ಹೊದಿಸಬೇಕು. ಪರಾಗ ಬೇಡ, ಜೊತೆಗಾರ ಗಿಡ ಬೇಡ, ಬೀಜವಿಲ್ಲ, ಬೇಗ ಹಣ್ಣಾಗುತ್ತದೆ. ಇನ್ನೇನು ಬೇಕು?

ಬಿಸಿಲುಬಯಲು
ಬಿಸಿಲೂರಿನಲ್ಲಿ ಬೆಳೆಸಿ ನೋಡಿ ಆಮೇಲೆ ಕೇಳಿ. ರಾತ್ರಿ ತಂಪಾಗದ ಕಡೆ ಸತ್ಸುಮಾದ ಸಿಪ್ಪೆ ಹಸಿರಾಗಿಯೇ ಉಳಿಯುತ್ತದೆ. ಬಣ್ಣ ಬರಲೆಂದು ಕಾದರೆ ಸಿಪ್ಪೆ ಉಬ್ಬಿ ಒಳಗೆ ತೊಳೆ ಒಣಗುತ್ತದೆ.

ಎಲೆಮರೆಕಾಯಿ
ಇಬ್ಬರೂ ಸರಿ. ಸತ್ಸುಮಾವನ್ನು ಬಣ್ಣ ನೋಡಿ ಕೊಯ್ಯಬಾರದು, ತಿಂದು ನೋಡಿ ಕೊಯ್ಯಬೇಕು. ಯಾವ ಮ್ಯಾಂಡರಿನ್ ಆದರೂ ಕೊಯ್ದ ಮೇಲೆ ಸಿಹಿಯಾಗುವುದಿಲ್ಲ, ಮಾವಿನಂತೆ ಹುಲ್ಲಿನಲ್ಲಿಟ್ಟು ಹಣ್ಣು ಮಾಡುವ ಆಸೆ ಬೇಡ. ಕೊಯ್ಯುವಾಗ ಎಳೆಯದೆ ಕತ್ತರಿಯಿಂದ ತೊಟ್ಟು ಕತ್ತರಿಸಿ. ಎಳೆದರೆ ಸಡಿಲ ಸಿಪ್ಪೆ ತೊಟ್ಟಿನ ಬಳಿ ಕಿತ್ತು ಬರುತ್ತದೆ.

ಸುಮ್ಮನೆಓದುಗ
ವಿಷಯ ಬೇರೆ, ಕ್ಷಮಿಸಿ. ನಮ್ಮ ಗಿಡದ ಹಣ್ಣನ್ನು ನಮಗಿಂತ ಮೊದಲು ಹಕ್ಕಿ ತಿನ್ನುತ್ತಿದೆ. ಅದಕ್ಕೆ ತಳಿ ಗುರುತಿಸಲು ಬರುತ್ತದೆಯೋ ಏನೋ, ಹುಳಿ ಗಿಡದ ಕಡೆಗೆ ಸುಳಿಯುವುದೂ ಇಲ್ಲ.

ಸಿಪ್ಪೆಗೋಪಾಲ
ಮುಂದಿನ ಬಾರಿ ಗಿಡ ಕೊಳ್ಳಲು ಅದನ್ನೇ ಕರೆದುಕೊಂಡು ಹೋಗಿ.

ತಳಿಶೋಧ
ಪಟ್ಟಿಯ ಉಳಿದ ಹೆಸರುಗಳ ಜಾತಕ ಹೇಳುತ್ತೇನೆ, ಆಯ್ಕೆ ನಿಮ್ಮದು.

ಕ್ಲೆಮೆಂಟೈನ್: ಅಲ್ಜೀರಿಯಾದ ಮಿಸರ್ಗಿನ್ ಎಂಬಲ್ಲಿನ ಅನಾಥಾಲಯದ ತೋಟದಲ್ಲಿ ಕ್ಲೆಮೆಂಟ್ ರೋಡಿಯರ್ ಎಂಬ ಕ್ರೈಸ್ತ ಸನ್ಯಾಸಿಯ ಕಣ್ಣಿಗೆ ಬಿದ್ದ ಗಿಡ. 1902ರಲ್ಲಿ ಅವರ ಹೆಸರನ್ನೇ ಇಟ್ಟರು. ಮೆಡಿಟರೇನಿಯನ್ ಮ್ಯಾಂಡರಿನ್ ಮತ್ತು ಸಿಹಿ ಕಿತ್ತಳೆಯ ಸಹಜ ಬೆರಕೆ. ತನ್ನ ಪರಾಗ ತನಗೆ ಆಗದು, ಹಾಗಾಗಿ ಒಂಟಿಯಾಗಿದ್ದರೆ ಬೀಜವಿಲ್ಲ. ಆದರೆ ಒಂಟಿಯಾಗಿದ್ದರೆ ಕೆಲವು ಕಡೆ ಕಾಯಿಯೂ ಕಡಿಮೆ. ಪಕ್ಕದಲ್ಲಿ ಪರಾಗ ಕೊಡುವ ಗಿಡವಿದ್ದರೆ ಕಾಯಿ ಹೆಚ್ಚು, ಬೀಜವೂ ಹೆಚ್ಚು.

ಕಿನ್ನೋ: ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಎಚ್.ಬಿ. ಫ್ರಾಸ್ಟ್ 1915ರಲ್ಲಿ ಕಿಂಗ್ ಮತ್ತು ವಿಲ್ಲೋ ಲೀಫ್ ತಳಿಗಳನ್ನು ಬೆರಸಿ ಮಾಡಿದ್ದು, 1935ರಲ್ಲಿ ಬಿಡುಗಡೆಯಾಯಿತು. ರಸ, ಸಿಹಿ, ಬಣ್ಣ ಎಲ್ಲವೂ ಸೊಗಸು. ಬೀಜ ಬೇಕಾದಷ್ಟು. ಒಂದು ವರ್ಷ ಕೊಂಬೆ ಮುರಿಯುವಷ್ಟು ಕಾಯಿ, ಮರುವರ್ಷ ಹೆಸರಿಗೆ ನಾಲ್ಕು.

ಮರ್ಕಾಟ್: ರುಚಿಯಲ್ಲಿ ಜೇನು, ನಡತೆಯಲ್ಲಿ ಕಿನ್ನೋಗಿಂತ ಒರಟು. ಕಾಯಿಯನ್ನು ಕಡಿಮೆ ಮಾಡದಿದ್ದರೆ ಅತಿ ಭಾರದ ವರ್ಷ ಮರವೇ ಸೊರಗಿ ಸಾಯಬಹುದು. ಇಲ್ಲೊಂದು ಗೊಂದಲವಿದೆ. "ಡಬ್ಲ್ಯು. ಮರ್ಕಾಟ್" ಎಂಬುದು ಬೇರೆ ತಳಿ. ಅಫೂರರ್, ನಾಡರ್ಕಾಟ್ ಎಂಬ ಹೆಸರುಗಳೂ ಅದಕ್ಕೇ. ಅದು ಒಂಟಿಯಾಗಿದ್ದರೆ ಬೀಜವಿಲ್ಲ. ಅದರ ಕಣ್ಣಿಗೆ ವಿಕಿರಣ ಹಾಯಿಸಿ ಪಡೆದ ಟ್ಯಾಂಗೋ ತಳಿಗೆ ಸುತ್ತ ಯಾವ ಗಿಡವಿದ್ದರೂ ಬೀಜ ಬರುವುದು ತೀರಾ ಅಪರೂಪ. ನಿಮ್ಮ "ಬೀಜರಹಿತ ಜೇನು ಕಿತ್ತಳೆ" ಇವುಗಳಲ್ಲಿ ಯಾವುದೂ ಆಗಿರಬಹುದು, ಯಾವುದೂ ಅಲ್ಲದಿರಬಹುದು. ಹೆಸರು ಹೇಳದವರ ಬಳಿ ಕೊಳ್ಳಬೇಡಿ.

ಬೀಜಬಿತ್ತಿದವ
ಕೊಡಗು, ನಾಗ್ಪುರ, ಖಾಸಿ, ಪೊಂಕಾನ್ ಇವೆಲ್ಲ ನಿಮ್ಮ ಜಾತಕಕ್ಕೆ ಸೇರುವುದಿಲ್ಲವೋ? ಹಳೆಯ ತಳಿಗಳೆಂದರೆ ಅಷ್ಟು ಅಸಡ್ಡೆಯೇ?

ತಳಿಶೋಧ
ಕೇಳಿದ ಪಟ್ಟಿಯಲ್ಲಿರಲಿಲ್ಲ ಸ್ವಾಮಿ. ಬೆಚ್ಚಗಿನ, ಮಳೆ ಬರುವ ಸೀಮೆಗೆ ಒಗ್ಗಿದ ಹಳೆಯ ತಳಿಗಳು ಸತ್ಸುಮಾಕ್ಕಿಂತ ಎಷ್ಟೋ ಮೇಲು. ತಳಿ ಆರಿಸುವಾಗ ಚಿತ್ರವಲ್ಲ, ಹವೆ ಮುಖ್ಯ.

ಎಲೆಮರೆಕಾಯಿ
ಒಂದು ವಿಷಯ ಯಾರೂ ಎತ್ತಲಿಲ್ಲ, ಅದಿಲ್ಲದೆ ಈ ಚರ್ಚೆ ಅಪೂರ್ಣ. ರೋಗ. ಸಿಟ್ರಸ್ ಗ್ರೀನಿಂಗ್ ಎಂಬುದು ಬ್ಯಾಕ್ಟೀರಿಯಾದಿಂದ ಬರುತ್ತದೆ, ಸಿಲ್ಲಿಡ್ ಎಂಬ ಸಾಸಿವೆಗಿಂತ ಸ್ವಲ್ಪ ದೊಡ್ಡ ಕೀಟ ಹರಡುತ್ತದೆ, ಮತ್ತು ಬಂದ ಮರಕ್ಕೆ ಮದ್ದಿಲ್ಲ. 2005ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡ ಮೇಲೆ ಅಲ್ಲಿನ ತೋಟಗಾರಿಕೆಯನ್ನೇ ಕುಗ್ಗಿಸಿತು. ರೋಗದ ಗಿಡದ ಕಣ್ಣಿನಿಂದ ಕಸಿ ಮಾಡಿದರೆ ರೋಗವೂ ಕಸಿಯಾಗುತ್ತದೆ. ಅದಕ್ಕೇ ಪರೀಕ್ಷೆ ಮಾಡಿದ ತಾಯಿಮರದ ಕಣ್ಣು, ಬಲೆಮನೆಯಲ್ಲಿ ಬೆಳೆದ ಗಿಡ ಎಂದು ದೃಢೀಕರಣವಿರುವುದನ್ನೇ ಕೊಳ್ಳಬೇಕು. ಬೇರೆ ಪ್ರದೇಶದಿಂದ ಗಿಡ ತರಿಸುವ ಮೊದಲು ಅಲ್ಲಿಂದ ತರಲು ಅನುಮತಿ ಇದೆಯೇ ವಿಚಾರಿಸಿ, ಹಲವು ಕಡೆ ನಿಷೇಧವಿದೆ.

ಎಲೆ ನೋಡಿ ಗಾಬರಿಯಾಗುವವರಿಗೆ: ಎಲೆಯ ನಡುನರದ ಎರಡೂ ಬದಿಯಲ್ಲಿ ಹಳದಿ ಒಂದೇ ಸಮನಾಗಿದ್ದರೆ ಬಹುತೇಕ ಸತು, ಕಬ್ಬಿಣದಂಥ ಪೋಷಕಾಂಶದ ಕೊರತೆ. ಎಡಕ್ಕೊಂದು ಬಲಕ್ಕೊಂದು ಎಂಬಂತೆ ಅಡ್ಡಾದಿಡ್ಡಿ ಹಳದಿ ಮಚ್ಚೆಗಳಿದ್ದರೆ ಆಗ ಯೋಚಿಸಿ.

ಕುಂಡಲಿನಿ
ಕರಿಬೇವಿನ ಗಿಡದಲ್ಲೂ ಆ ಕೀಟ ಬದುಕುತ್ತದೆ ಎಂದು ಸೇರಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟವರು ಎಳೆ ಚಿಗುರನ್ನು ಆಗಾಗ ತಿರುಗಿಸಿ ನೋಡುತ್ತಿರಬೇಕು.

ಹಿತ್ತಲಗಿಡ
ಎಲ್ಲರಿಗೂ ವಂದನೆ. ನರ್ಸರಿಗೆ ಕರೆ ಮಾಡಿ ಬೇರುಗಿಡ ಯಾವುದೆಂದು ಕೇಳಿದೆ. "ಒಳ್ಳೆಯದೇ" ಎಂಬ ಉತ್ತರ ಬಂತು. ಹಾಗಾಗಿ ಆ ಅಂಗಡಿ ಬಿಟ್ಟೆ. ಈಗಿರುವ ಗಿಡವನ್ನು ಕಿತ್ತು ಅದೇ ಜಾಗದಲ್ಲಿ ಹೊಸದನ್ನು ನೆಡಲೇ? ಇಲ್ಲಿ ಹಿಮದ ಕಾಟವಿಲ್ಲ, ಮಣ್ಣು ಸ್ವಲ್ಪ ಸುಣ್ಣದ್ದು.

ಕಸಿಕತ್ತಿ
ಕೀಳಬೇಡಿ! ನಿಮ್ಮ ಮಣ್ಣಿಗೆ ಹೇಳಿಮಾಡಿಸಿದ, ಬೇರೂರಿದ, ಗಟ್ಟಿ ರಂಗ್‌ಪುರ ಬೇರುಗಿಡ ಈಗಾಗಲೇ ನಿಂತಿದೆ. ಇಲ್ಲದ್ದು ಮೇಲಿನ ಕಣ್ಣು ಮಾತ್ರ. ಹೊಸ ಗಿಡ ತರುವ ಬದಲು ಅದಕ್ಕೇ ಕಣ್ಣು ಕಸಿ ಮಾಡಿ. ಹೊಸ ಗಿಡ ಬೇರೂರುವಷ್ಟರಲ್ಲಿ ಇದು ಬೆಳೆದು ನಿಂತಿರುತ್ತದೆ.

ಹಿಮಮಣಿ
ಹಿಮವಿರುವ ಕಡೆ ಈ ಮಾತು ಕೇಳಬೇಡಿ, ರಂಗ್‌ಪುರ ಚಳಿಗೆ ಮೊದಲು ಬೀಳುತ್ತದೆ. ಅವರಿಗೆ ಸರಿ.

ಎಲೆಮರೆಕಾಯಿ
ಒಂದು ಎಚ್ಚರಿಕೆ. ಎಕ್ಸೋಕಾರ್ಟಿಸ್ ಎಂಬ, ವೈರಸ್‌ಗಿಂತಲೂ ಚಿಕ್ಕ ರೋಗಕಾರಕವಾದ, ವಿರಾಯ್ಡ್‌ಗೆ ರಂಗ್‌ಪುರ ಬೇಗ ಬಲಿಯಾಗುತ್ತದೆ. ಮೇಲಿನ ತಳಿಯಲ್ಲಿ ಏನೂ ಕಾಣಿಸದೆ ಅಡಗಿದ್ದು, ಕೆಳಗಿನ ತೊಗಟೆ ಸೀಳಿ ಮರ ಕುಗ್ಗುತ್ತದೆ. ಪರೀಕ್ಷಿತ ಮರದ ಕಣ್ಣಲ್ಲದೆ ನೆರೆಮನೆಯ ಮರದಿಂದ ತಂದದ್ದು ಬೇಡ. ಚಾಕುವನ್ನು ಬ್ಲೀಚ್ ದ್ರಾವಣದಲ್ಲಿ ಅದ್ದಿ ಒರೆಸಿ, ಆ ಸೋಂಕು ಚಾಕುವಿನ ಬಾಯಿಯಿಂದಲೂ ದಾಟುತ್ತದೆ.

ಹಿತ್ತಲಗಿಡ
ಹಾಗಾದರೆ ಎರಡು ಕೊಂಬೆಗೆ ಎರಡು ತಳಿ ಹಾಕಬಹುದಲ್ಲವೇ? ಕ್ಲೆಮೆಂಟೈನ್ ಒಂದು, ಕಿನ್ನೋ ಒಂದು ಎಂದು ಆಸೆ.

ತಳಿಶೋಧ
ಹಾಕಬಹುದು, ಆದರೆ ಕಿನ್ನೋ ಪರಾಗದಿಂದ ನಿಮ್ಮ ಕ್ಲೆಮೆಂಟೈನ್ ಬೀಜಮಯವಾಗುತ್ತದೆ. ಕ್ಲೆಮೆಂಟೈನ್ ಜೊತೆಗೆ ಸತ್ಸುಮಾ ಹಾಕಿದರೆ ಆ ತೊಂದರೆಯಿಲ್ಲ, ಸತ್ಸುಮಾದ ಪರಾಗ ಹೆಚ್ಚುಕಡಿಮೆ ಬಂಜೆ. ರಂಗ್‌ಪುರದ ಕೊಂಬೆ ಹೂವು ಬಿಡುವಂತೆ ಉಳಿಸಿಕೊಂಡರೆ ಮತ್ತೆ ಅದೇ ಕಥೆ.

ಬಿಸಿಲುಬಯಲು
ಬೀಜಕ್ಕೆ ಇಷ್ಟು ಹೆದರುವುದೇಕೆ? ಉಗಿಯಲು ಬಾಯಿ ಇದೆ. ಕಿನ್ನೋ ಹಾಕಿ.

ಕಸಿಕತ್ತಿ
ಎರಡು ತಳಿ ಹಾಕಿದರೆ ಬಲವಾಗಿ ಬೆಳೆಯುವುದನ್ನು ಪ್ರತಿ ವರ್ಷ ಸವರುತ್ತಿರಬೇಕು, ಇಲ್ಲದಿದ್ದರೆ ಇನ್ನೊಂದು ನೆರಳಿನಲ್ಲಿ ಸೊರಗುತ್ತದೆ. ಮೊದಲ ಬಾರಿಗೆ ಒಂದೇ ಸಾಕೆಂದು ನನ್ನ ಅಭಿಪ್ರಾಯ.

ಹಿತ್ತಲಗಿಡ
ಕ್ಲೆಮೆಂಟೈನ್ ಒಂದೇ ಹಾಕುತ್ತೇನೆ. ಯಾವಾಗ ಮಾಡಬೇಕು, ಬಳಿಕ ಏನು?

ಕಸಿಕತ್ತಿ
ಗಿಡ ಹೊಸ ಚಿಗುರು ಬಿಡುವ ಹೊತ್ತು. ತೊಗಟೆಯಲ್ಲಿ ಸಣ್ಣ ಗೀರು ಹಾಕಿ ಅಂಚನ್ನು ಎತ್ತಿ ನೋಡಿ. ಒದ್ದೆಯಾಗಿ ಸಲೀಸಾಗಿ ಬಿಟ್ಟುಕೊಂಡರೆ ಕಾಲ ಬಂದಿದೆ, ಹರಿದು ಅಂಟಿಕೊಂಡರೆ ಕಾಯಿರಿ. ಪೆನ್ಸಿಲ್ ದಪ್ಪದ, ನೆಟ್ಟಗಿನ ಕೊಂಬೆ ಆರಿಸಿ. "ಟಿ" ಆಕಾರದಲ್ಲಿ ಸೀಳಿ ಕಣ್ಣನ್ನು ಒಳಗೆ ಜಾರಿಸಿ, ಪಟ್ಟಿಯಿಂದ ಬಿಗಿಯಾಗಿ ಸುತ್ತಿ. ಮೂರು ವಾರದ ಬಳಿಕ ಬಿಚ್ಚಿದಾಗ ಕಣ್ಣು ಹಸಿರಾಗಿದ್ದರೆ ಹಿಡಿದಿದೆ. ಆಗ ಅದರ ಮೇಲಿನ ಕೊಂಬೆಯನ್ನು ಅರ್ಧದಷ್ಟು ಕತ್ತರಿಸಿ ಬಗ್ಗಿಸಿಡಿ, ಪೂರ್ತಿ ಕತ್ತರಿಸಬೇಡಿ. ಹೊಸ ಕಣ್ಣು ಗೇಣುದ್ದ ಬೆಳೆದ ಮೇಲೆ ತೆಗೆಯಿರಿ. ರಂಗ್‌ಪುರದ ಉಳಿದ ಕೊಂಬೆಗಳನ್ನೂ ಒಂದೇ ಸಲಕ್ಕೆ ಕಡಿಯದೆ ಹಂತಹಂತವಾಗಿ ಇಳಿಸಿ, ಎಲೆಯಿಲ್ಲದೆ ಬೇರು ಬದುಕುವುದಿಲ್ಲ. ಒಂದೇ ಕಣ್ಣು ಹಾಕಿ ಕೂರಬೇಡಿ, ಬೇರೆ ಬೇರೆ ಕೊಂಬೆಗೆ ಮೂರ್ನಾಲ್ಕು ಹಾಕಿ, ಎಲ್ಲವೂ ಹಿಡಿಯುವುದಿಲ್ಲ.

ಸಿಪ್ಪೆಗೋಪಾಲ
ಹೊಸ ಚೀಟಿ ಬರೆದು ಕಟ್ಟುವುದನ್ನು ಮರೆಯಬೇಡಿ. ಈ ಬಾರಿ ಬುಡದ ಹೆಸರೂ ಇರಲಿ.